ಜಡ್ಜ್ ಸಾಹೇಬರನ್ನು ಕೇಳೋರು ಯಾರು?

ಹೊಸಪೇಟೆಯಿಂದ ಹಂಪಿಗೆ ಹೋಗುವಾಗ ಕಡ್ಡಿರಾಂಪುರ ಸಿಗುತ್ತೆ. ಹಳೇ ಗೋರಿಗಳಿರುವ ಊರು. ಹಂಪಿ ನೋಡುವ ಅವಸರದಲ್ಲಿ ಪ್ರವಾಸಿಗರು ಇಲ್ಲಿ ಇಳಿಯೋದು ಕಡಿಮೆ. ಆದರೆ 2012ರ ಮೇ ತಿಂಗಳಲ್ಲಿ ಕಡ್ಡಿರಾಂಪುರದಿಂದ ಕಂಪ್ಲಿವರೆಗೆ, ಹೊಸಪೇಟೆಯಿಂದ ಸಂಡೂರುವರೆಗೆ ಯಾವ ಚಹಾದಂಗಡಿಯಲ್ಲಿ ಕೂತರೂ ಮಾತು ಒಂದೇ. "ಬೇಲ್ ಸಿಕ್ತಂತಪ್ಪಾ!"

ಯಾರಿಗೆ ಅಂತ ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಾಲಿ ಜನಾರ್ದನ ರೆಡ್ಡಿಯವರನ್ನು ಸಿಬಿಐ 2011ರ ಸೆಪ್ಟೆಂಬರ್ 5ರಂದು ಬಳ್ಳಾರಿಯಲ್ಲಿ ಬಂಧಿಸಿತ್ತು. ಓಬಳಾಪುರಂ ಗಣಿ ಆಂಧ್ರದ ಅನಂತಪುರ ಜಿಲ್ಲೆಯದು, ಹಾಗಾಗಿ ಕೇಸು ಹೈದರಾಬಾದಿನ ಸಿಬಿಐ ಕೋರ್ಟಿಗೆ, ಆರೋಪಿ ಚಂಚಲಗುಡ ಜೈಲಿಗೆ. ಎಂಟು ತಿಂಗಳಾದ ಮೇಲೆ, 2012ರ ಮೇ 11ರಂದು, ಅಲ್ಲಿನ ನ್ಯಾಯಾಧೀಶ ಟಿ. ಪಟ್ಟಾಭಿರಾಮ ರಾವ್ ಜಾಮೀನು ಕೊಟ್ಟರು.

ಆಮೇಲಿನ ಇಪ್ಪತ್ತು ದಿನ ನೋಡಿ ವೀಕ್ಷಕರೇ. ಆ ಆದೇಶದ ಹಿಂದೆ ಕೋಟಿಗಟ್ಟಲೆ ಹಣ ಕೈಬದಲಾಗಿದೆ ಅಂತ ಸಿಬಿಐ ಹೈಕೋರ್ಟಿನ ಬಾಗಿಲು ತಟ್ಟಿತು. ಮೇ 31ಕ್ಕೆ ನ್ಯಾಯಾಧೀಶರೇ ಅಮಾನತು! ಜೂನ್‌ನಲ್ಲಿ ಆಂಧ್ರದ ಭ್ರಷ್ಟಾಚಾರ ನಿಗ್ರಹ ದಳ ಅವರನ್ನು ಬಂಧಿಸಿತು. ಮಧ್ಯವರ್ತಿಯಾಗಿ ಕೆಲಸ ಮಾಡಿದರು ಅನ್ನೋ ಆರೋಪದ ಮೇಲೆ ಒಬ್ಬ ನಿವೃತ್ತ ನ್ಯಾಯಾಧೀಶರೂ ಸಿಕ್ಕಿಬಿದ್ದರು. ಅದೇ ಕೇಸಿನಲ್ಲಿ ಬಳ್ಳಾರಿ ಶಾಸಕ ಸೋಮಶೇಖರ ರೆಡ್ಡಿ, ನಮ್ಮ ಕಂಪ್ಲಿಯ ಅಂದಿನ ಶಾಸಕ ಸುರೇಶ್ ಬಾಬು ಕೂಡ ಜೈಲು ಕಂಡರು. ಇವೆಲ್ಲ ಆರೋಪಗಳು, ತೀರ್ಪಲ್ಲ. ಅದನ್ನು ಅವತ್ತೂ ಹೇಳಿದ್ದೆ, ಇವತ್ತೂ ಹೇಳ್ತೀನಿ. ಅಷ್ಟೆಲ್ಲ ಆದರೂ ಆ ಬೇಲ್‌ನಿಂದ ರೆಡ್ಡಿಯವರು ಮನೆ ಸೇರಲಿಲ್ಲ. ಅವರು ಹೊರಗೆ ಬಂದಿದ್ದು ಸುಪ್ರೀಂ ಕೋರ್ಟ್ 2015ರ ಜನವರಿಯಲ್ಲಿ ಜಾಮೀನು ಕೊಟ್ಟ ಮೇಲೆ.

ಆ ದಿನಗಳಲ್ಲಿ ಜನ ಕೇಳ್ತಿದ್ದ ಪ್ರಶ್ನೆ ಬೇರೆ. "ಜಡ್ಜ್ ಮೇಲೇ ಕೇಸ್ ಹಾಕೋಕೆ ಆಗುತ್ತಾ ಸಾರ್?"

ಇದಕ್ಕೆ ಉತ್ತರ ಹುಡುಕಿಕೊಂಡು ಕಂಪನಿ ಸರ್ಕಾರದ ಕಾಲಕ್ಕೆ ಹೋಗಬೇಕು. ಆಗ ಹೊಸಪೇಟೆ, ಕಂಪ್ಲಿ ಎರಡೂ ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಸಂಡೂರು ಮಾತ್ರ ಘೋರ್ಪಡೆಯವರ ಸಂಸ್ಥಾನ. 1850ರಲ್ಲಿ ಒಂದೇ ಒಂದು ಕಲಮಿನ ಕಾನೂನು ಬಂತು, ನ್ಯಾಯಾಧಿಕಾರಿಗಳ ರಕ್ಷಣಾ ಕಾಯ್ದೆ. ನ್ಯಾಯ ಹೇಳುವ ಕೆಲಸದಲ್ಲಿ ಮಾಡಿದ್ದಕ್ಕೆ ಜಡ್ಜು, ಮ್ಯಾಜಿಸ್ಟ್ರೇಟು, ಕಲೆಕ್ಟರು ಯಾರ ಮೇಲೂ ಸಿವಿಲ್ ದಾವೆ ಹೂಡುವಂತಿಲ್ಲ. ಅಧಿಕಾರ ಮೀರಿದ್ದರೂ ಸರಿ, ತನಗೆ ಅಧಿಕಾರ ಇದೆ ಅಂತ ಪ್ರಾಮಾಣಿಕವಾಗಿ ನಂಬಿದ್ದರೆ ಸಾಕು. ಕಂದಾಯ ಕೀಳುವ ಕಲೆಕ್ಟರನ ಕೈಯಲ್ಲೇ ಮ್ಯಾಜಿಸ್ಟ್ರೇಟನ ಅಧಿಕಾರವೂ ಇದ್ದ ಕಾಲ ಅದು. ಈ ಕಾನೂನು ಯಾರಿಗೆ ಎಷ್ಟು ಅನುಕೂಲ ಮಾಡಿಕೊಟ್ಟಿರಬಹುದು, ಊಹಿಸಿ.

ಆದರೆ ಹತ್ತು ವರ್ಷಕ್ಕೆ, 1860ರಲ್ಲಿ, ಬ್ರಿಟಿಷರೇ ದಂಡ ಸಂಹಿತೆ ತಂದು ಇನ್ನೊಂದು ಮಾತು ಸೇರಿಸಿದರು. ಕಾನೂನಿಗೆ ವಿರುದ್ಧ ಅಂತ ಗೊತ್ತಿದ್ದೂ ದುರುದ್ದೇಶದಿಂದ ಆದೇಶ ಕೊಟ್ಟರೆ, ಅಥವಾ ಒಬ್ಬನನ್ನು ಬಂಧನದಲ್ಲಿಟ್ಟರೆ, ಏಳು ವರ್ಷದವರೆಗೆ ಜೈಲು. ಕಲಂ 219, ಕಲಂ 220. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು 257, 258. ಪುಸ್ತಕದಲ್ಲಿ ನೂರಾ ಅರವತ್ತು ವರ್ಷದಿಂದ ಇದೆ. ಕೋರ್ಟಿನಲ್ಲಿ ಅದರ ಹೆಸರು ಎಷ್ಟು ಸಲ ಕೇಳಿದ್ದೀರಿ?

1985ರಲ್ಲಿ ನ್ಯಾಯಾಧೀಶರ ರಕ್ಷಣಾ ಕಾಯ್ದೆ ಬಂದು ಗೋಡೆ ಇನ್ನೂ ಎತ್ತರವಾಯ್ತು. ಕರ್ತವ್ಯದ ಮೇಲೆ ಮಾಡಿದ್ದಕ್ಕೆ ಸಿವಿಲ್ ಕೇಸೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ. ಅದರ ಮೂರನೇ ಕಲಮಿನ ಎರಡನೇ ಭಾಗದಲ್ಲಿ ಮಾತ್ರ ಒಂದು ಬಾಗಿಲು ಬಿಟ್ಟಿದ್ದಾರೆ. ಸರ್ಕಾರ, ಹೈಕೋರ್ಟು, ಸುಪ್ರೀಂ ಕೋರ್ಟು ಕ್ರಮ ತೆಗೆದುಕೊಳ್ಳಬಹುದು. ಹೈದರಾಬಾದಿನಲ್ಲಿ ತೆರೆದಿದ್ದು ಈ ಬಾಗಿಲೇ. ಲಂಚ ತಗೊಂಡ ನ್ಯಾಯಮೂರ್ತಿಯೂ ಭ್ರಷ್ಟಾಚಾರ ತಡೆ ಕಾನೂನಿಗೆ ಹೊರತಲ್ಲ ಅಂತ 1991ರ ವೀರಸ್ವಾಮಿ ಕೇಸಿನಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ವೀರಸ್ವಾಮಿಯವರು ಯಾರು ಗೊತ್ತಾ? ಮದ್ರಾಸ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದವರು! ಹೈಕೋರ್ಟ್ ಜಡ್ಜ್ ಮೇಲೆ ಕೇಸು ದಾಖಲಿಸೋದಕ್ಕೆ ಮುಂಚೆ ಭಾರತದ ಮುಖ್ಯ ನ್ಯಾಯಮೂರ್ತಿಯನ್ನು ಕೇಳಬೇಕು ಅನ್ನೋ ಷರತ್ತನ್ನೂ ಅದೇ ತೀರ್ಪು ಹಾಕಿತು.

ಅಂದರೆ ಬಾಗಿಲಿದೆ, ಬೀಗದ ಕೈ ನಿಮ್ಮ ಹತ್ತಿರ ಇಲ್ಲ. ಅನ್ಯಾಯವಾಗಿ ಒಳಗಿದ್ದು ಬಂದ ಸಂಡೂರಿನ ಲಾರಿ ಕ್ಲೀನರ್ ಒಬ್ಬ ತಾನಾಗೇ ಹೋಗಿ ಜಡ್ಜ್ ಮೇಲೆ ಪರಿಹಾರದ ದಾವೆ ಹೂಡೋದು ಸಾಧ್ಯವಿಲ್ಲ. ಮೇಲಿನ ಕೋರ್ಟು ಆದೇಶ ತಪ್ಪು ಅಂತ ರದ್ದು ಮಾಡಬಹುದು. ಕಳೆದುಹೋದ ತಿಂಗಳುಗಳನ್ನು ಯಾರೂ ವಾಪಸ್ ಕೊಡಲ್ಲ.

ಹಾಗಾದ್ರೆ ಎಲ್ಲರಿಗೂ ಬೀಗದ ಕೈ ಕೊಟ್ಟುಬಿಡೋಣ ಅಂತೀರಾ? ಇಲ್ಲಿ ನಾನು ಸ್ವಲ್ಪ ಹಿಂದೇಟು ಹಾಕ್ತೀನಿ. ಸೋತವನೆಲ್ಲ ಜಡ್ಜ್ ಮೇಲೆ ಕೇಸು ಹಾಕಿದರೆ ಯಾವ ಮ್ಯಾಜಿಸ್ಟ್ರೇಟ್ ಧೈರ್ಯವಾಗಿ ಸಹಿ ಹಾಕ್ತಾರೆ? ಆ ಕೇಸುಗಳನ್ನು ಹಾಕೋರು ದುಡ್ಡಿದ್ದವರೇ ಹೊರತು ಕ್ಲೀನರ್ ಅಲ್ಲ. ಈಗಲೇ ಭಯ ಇದೆ. ಜಾಮೀನು ಕೊಟ್ಟರೆ ತಮ್ಮನ್ನೇ ಗುರಿ ಮಾಡ್ತಾರೆ ಅನ್ನೋ ಅಂಜಿಕೆ ಕೆಳಹಂತದ ನ್ಯಾಯಾಧೀಶರಲ್ಲಿದೆ ಅಂತ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರೇ 2022ರ ನವೆಂಬರ್‌ನಲ್ಲಿ ಹೇಳಿದ್ದರು. ಆ ಅಂಜಿಕೆ ಹುಟ್ಟಿಸಿದವರಲ್ಲಿ ನಮ್ಮಂಥ ಟಿವಿಯವರ ಪಾಲೂ ಇದೆ, ಸುಳ್ಳು ಯಾಕೆ ಹೇಳಲಿ? "ಬೇಲ್ ಕೊಟ್ಟಿದ್ದೇಕೆ" ಅಂತ ಎಷ್ಟೋ ರಾತ್ರಿ ಕಿರುಚಿದ್ದೀನಿ. "ಬೇಲ್ ಕೊಡಲಿಲ್ಲವೇಕೆ" ಅಂತ ಕಿರುಚಿದ ನೆನಪು ಕಡಿಮೆ.

ಲೆಕ್ಕ ನೋಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅದರಲ್ಲಿ 4,34,302 ಮಂದಿ ವಿಚಾರಣಾಧೀನರು, ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು. ಜಾಮೀನು ಸಿಕ್ಕರೂ ಶ್ಯೂರಿಟಿಗೆ ಪಹಣಿ ತರೋರಿಲ್ಲದೆ ಒಳಗೇ ಕೂತವರೂ ಇದರಲ್ಲಿ ಸೇರಿದ್ದಾರೆ. ಇವರ ವಿಷಯದಲ್ಲಿ ಯಾವ ಜಡ್ಜೂ ದುಡ್ಡು ತಿಂದಿಲ್ಲ. ಅದಕ್ಕೇ ಯಾವ ತನಿಖೆಯೂ ಇಲ್ಲ.

ಒಂದು ಸಲ ಮಾತ್ರ ಗಾಳಿ ಬೇರೆ ಕಡೆ ಬೀಸಿತು. ಅನಗತ್ಯವಾಗಿ ಒಳಗಿಡಬೇಡಿ ಅಂತ ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಸತೇಂದರ್ ಕುಮಾರ್ ಅಂತಿಲ್ ತೀರ್ಪಿನಲ್ಲಿ ವಿವರವಾಗಿ ಹೇಳಿತ್ತು. ಅದಾದ ಮೇಲೂ ಲಖನೌದ ಒಬ್ಬ ಸೆಷನ್ಸ್ ನ್ಯಾಯಾಧೀಶರು ಜಾಮೀನು ನಿರಾಕರಿಸಿದಾಗ, 2023ರ ಮೇ ತಿಂಗಳಲ್ಲಿ ಅದೇ ಸುಪ್ರೀಂ ಕೋರ್ಟ್ ಸಿಟ್ಟಾಯ್ತು. ಅವರಿಂದ ಕೋರ್ಟ್ ಕೆಲಸ ವಾಪಸ್ ತಗೊಳ್ಳಿ, ನ್ಯಾಯಾಂಗ ಅಕಾಡೆಮಿಗೆ ಕಳಿಸಿ, ಕಲಿತು ಬರಲಿ ಅಂತು. ಕೈಕೋಳ ಇಲ್ಲ, ದಾವೆ ಇಲ್ಲ. ಪಾಠ ಕಲಿಯೋಕೆ ಮತ್ತೆ ಕ್ಲಾಸಿಗೆ, ಅಷ್ಟೇ.

ಆ ಸುದ್ದಿಗೆ ಅವತ್ತು ನಮ್ಮ ಬುಲೆಟಿನ್‌ನಲ್ಲಿ ಮೂವತ್ತು ಸೆಕೆಂಡ್ ಕೂಡ ಸಿಗಲಿಲ್ಲ.