ಎರೆ ನೆಲದ ಮೇಲಿನ ಇಟ್ಟಂಗಿ ಗೋಡೆ

ವಿಜಯಪುರದ ಗೋಳಗುಮ್ಮಟಕ್ಕೆ ಹೋದವರು ತಲೆಯೆತ್ತಿ ನೋಡುತ್ತಾರೆ. ಬುಡ ನೋಡುವವರು ಕಡಿಮೆ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್‌ಶಾಹನ ಈ ಸಮಾಧಿಯ ಗುಮ್ಮಟ ಇಟ್ಟಂಗಿ ಮತ್ತು ಸುಣ್ಣದ್ದು, ಹೊರಗಿನ ಅಗಲ ಸುಮಾರು 44 ಮೀಟರ್. ಅಷ್ಟು ಭಾರ ಇಷ್ಟು ಕಾಲ ನಿಂತಿರುವುದಕ್ಕೆ ಒಂದು ಮುಖ್ಯ ಕಾರಣ, ಅದರ ಪಾಯ ಬಂಡೆಯ ಮೇಲಿರುವುದು.

ನಮ್ಮ ಸಮೀರವಾಡಿ ಸೀಮೆಯ ಹಳೆಯ ಮನೆಗಳಿಗೆ ಆ ಭಾಗ್ಯವಿಲ್ಲ. ಕೃಷ್ಣಾ ಮತ್ತು ಘಟಪ್ರಭಾ ನಡುವಿನ ಈ ಭಾಗದಲ್ಲಿ ಬಹಳ ಕಡೆ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಆಳದ ಎರೆಯಲ್ಲಿ ಈ ಏರಿಳಿತ ಸುಮಾರು 3.5 ಮೀಟರ್‌ವರೆಗೂ ಇರುತ್ತದೆಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಎರಡು ಮೂರು ಅಡಿ ಪಾಯದ ಗೋಡೆ ಮಣ್ಣಿನ ಜೊತೆಗೇ ಏಳುತ್ತದೆ, ಇಳಿಯುತ್ತದೆ. ಮನೆಯ ನಡುವಿನ ನೆಲಕ್ಕಿಂತ ಹೊರಮೂಲೆಗಳು ಬೇಗ ಒಣಗುವುದರಿಂದ ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆ ಬಿರುಕು ಹೊರಡುತ್ತದೆ.

ಇದರ ಹಿಂದೆ ನೀರಿನ ಇತಿಹಾಸವೂ ಇದೆ. ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಬಂದದ್ದು 1897ರಲ್ಲಿ. ಹಿಡಕಲ್ ಜಲಾಶಯ ಪೂರ್ಣಗೊಂಡದ್ದು 1977ರಲ್ಲಿ. ಕಾಲುವೆ, ಸಕ್ಕರೆ ಕಾರ್ಖಾನೆ ಬಂದ ಮೇಲೆ ಬಿಳಿಜೋಳದ ಹೊಲಗಳಲ್ಲಿ ಕಬ್ಬು ನಿಂತಿತು. ಮೊದಲು ನೆಲ ಋತುಮಾನಕ್ಕೆ ತಕ್ಕಂತೆ ನೆನೆದು ಒಣಗುತ್ತಿತ್ತು. ಈಗ ಗೋಡೆಯ ಒಂದು ಮಗ್ಗುಲಲ್ಲಿ ಕಬ್ಬಿನ ನೀರೋ ಬಚ್ಚಲ ನೀರೋ ವರ್ಷವಿಡೀ ಇಂಗಿದರೆ, ಇನ್ನೊಂದು ಮಗ್ಗುಲು ಒಣಗಿಯೇ ಇರುತ್ತದೆ. ಗೋಡೆಯನ್ನು ಸೀಳುವುದು ಈ ವ್ಯತ್ಯಾಸ.

ಬಿರುಕು ಕಂಡ ಕೂಡಲೇ ಕೆಡವಬೇಕಿಲ್ಲ. ಇದ್ದ ಪಾಯದ ಅಡಿಯಲ್ಲೇ ಹೊಸ ಪಾಯ ಕಟ್ಟುವ ವಿದ್ಯೆ ಹಳೆಯದು. ಅದರ ಪ್ರಸಿದ್ಧ ಉದಾಹರಣೆ ಇಂಗ್ಲೆಂಡಿನ ವಿಂಚೆಸ್ಟರ್ ಕೆಥೆಡ್ರಲ್. ಮೆತ್ತನೆಯ ನೆಲದಲ್ಲಿ ಕುಸಿಯುತ್ತಿದ್ದ ಆ ಕಟ್ಟಡದ ಅಡಿ ಗುಂಡಿ ತೋಡಿದರೆ ನೀರು ತುಂಬುತ್ತಿತ್ತು. 1906ರಿಂದ 1911ರವರೆಗೆ ವಿಲಿಯಂ ವಾಕರ್ ಎಂಬ ಮುಳುಗುಗಾರ ಕತ್ತಲ ನೀರಿಗಿಳಿದು ತಳಕ್ಕೆ ಕಾಂಕ್ರೀಟ್ ಚೀಲಗಳನ್ನು ಜೋಡಿಸಿದ. ಬಳಿಕ ನೀರು ಹೊರಹಾಕಿ ಗೌಂಡಿಗಳು ಮೇಲಕ್ಕೆ ಕಟ್ಟಿದರು.

ಅಲ್ಲಿಯ ನಿಯಮವೇ ಇಲ್ಲಿಗೂ: ಗೋಡೆಯುದ್ದಕ್ಕೂ ಒಮ್ಮೆಲೇ ಅಗೆಯಬಾರದು. ಮೂರು ನಾಲ್ಕು ಅಡಿಯ ತುಂಡುಗಳಾಗಿ ಗುರುತು ಹಾಕಿ, ಒಂದಕ್ಕೊಂದು ದೂರವಿರುವ ತುಂಡುಗಳನ್ನಷ್ಟೇ ಮೊದಲು ತೋಡಬೇಕು. ಕಾಂಕ್ರೀಟ್ ತುಂಬಿ, ಅದು ಗಟ್ಟಿಯಾದ ಮೇಲೆ, ಹಳೆಯ ಪಾಯದ ತಳಕ್ಕೂ ಅದಕ್ಕೂ ನಡುವೆ ಉಳಿದ ಸಂದಿಗೆ ಕಡಿಮೆ ನೀರಿನ ಸಿಮೆಂಟ್ ಗಾರೆ ಗಿಡಿದು, ಆಮೇಲೆ ಪಕ್ಕದ ತುಂಡು. ಅವಸರ ಮಾಡಿದರೆ ಗೋಡೆ ಬೀಳುವುದು ಗುಂಡಿಯೊಳಗಿನ ಕೂಲಿಕಾರನ ಮೇಲೆ.

ಎರೆಯಲ್ಲಿ ಇನ್ನೊಂದು ಎಚ್ಚರ ಬೇಕು. ಹೊಸ ಪಾಯ ಗರಸು ಮುಟ್ಟದೆ ಎರೆಯಲ್ಲೇ ನಿಂತರೆ ಖರ್ಚು ಮಣ್ಣುಪಾಲು. ಒಂದೇ ಮೂಲೆಯನ್ನು ಗಟ್ಟಿ ಮಾಡಿದರೆ ಉಳಿದ ಗೋಡೆ ಏರಿಳಿಯುತ್ತಲೇ ಇದ್ದು, ಕೂಡುವಲ್ಲಿ ಹೊಸ ಬಿರುಕು ಬರುತ್ತದೆ. ಆದ್ದರಿಂದ ಗುದ್ದಲಿ ಹಿಡಿಯುವ ಮುನ್ನ ಗಟಾರ ಸರಿಮಾಡಿ, ಸೋರುವ ನಳ ನಿಲ್ಲಿಸಿ, ಬಿರುಕಿನ ಮೇಲೆ ಗುರುತು ಹಾಕಿ ಒಂದು ಮಳೆಗಾಲ, ಒಂದು ಬೇಸಿಗೆ ನೋಡಬೇಕು. ಗೋಡೆ ವಾಲಿದ್ದರೆ ಮಾತ್ರ ಕಾಯದೆ ಆನಿಕೆ ಕೊಟ್ಟು ಎಂಜಿನಿಯರನ್ನು ಕರೆಸಬೇಕು. ಎಷ್ಟೋ ಮನೆಗಳಿಗೆ ನೀರಿನ ದಾರಿ ತಿರುಗಿಸುವುದೇ ಮೊದಲ ರಿಪೇರಿ.