ಗಮನಾರ್ಹ ನ್ಯಾಯಾಲಯ ತೀರ್ಪುಗಳು: ಅರ್ಜಿದಾರರಿಗೆ ಮಾಹಿತಿ

ಖಾತೆ ಬದಲಾವಣೆ, ವಾರಸು ಹಕ್ಕು, ಶುಲ್ಕ ಪಾವತಿ ಮೊದಲಾದ ವಿಷಯಗಳಲ್ಲಿ ಸರ್ಕಾರಿ ಕಚೇರಿಗಳು ಅನುಸರಿಸುವ ಕ್ರಮಗಳಿಗೆ ಶಾಸನಗಳಲ್ಲದೆ ನ್ಯಾಯಾಲಯಗಳ ತೀರ್ಪುಗಳೂ ಆಧಾರವಾಗಿರುತ್ತವೆ. ಮೆಲ್ಕಾರ್ ಪರಿಸರವೂ ಸೇರಿದಂತೆ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ಸಾರ್ವಜನಿಕರಿಗೆ ಉಪಯುಕ್ತವಾದ ಕೆಲವು ತೀರ್ಪುಗಳ ಸಾರಾಂಶವನ್ನು ಇಲ್ಲಿ ನೀಡಲಾಗಿದೆ.

ವಾರಸು ಹಕ್ಕು

ಪಿತ್ರಾರ್ಜಿತ ಆಸ್ತಿಯಲ್ಲಿ ಪುತ್ರಿಯರ ಹಕ್ಕನ್ನು ಕರ್ನಾಟಕವು ದಿನಾಂಕ 30-7-1994ರಿಂದಲೇ ತಿದ್ದುಪಡಿಯ ಮೂಲಕ ಮಾನ್ಯ ಮಾಡಿತ್ತು. ಆದರೆ ಆ ದಿನಾಂಕಕ್ಕೆ ಮೊದಲು ವಿವಾಹವಾದವರಿಗೆ ಅದು ಅನ್ವಯವಾಗುತ್ತಿರಲಿಲ್ಲ. 2005ರ ಕೇಂದ್ರ ತಿದ್ದುಪಡಿಯು ಈ ಭೇದವನ್ನು ತೆಗೆದುಹಾಕಿತು. ಆ ಬಳಿಕ, ತಿದ್ದುಪಡಿ ಜಾರಿಯಾದ 9-9-2005ರಂದು ತಂದೆ ಜೀವಂತವಾಗಿರಬೇಕೇ ಎಂಬ ಪ್ರಶ್ನೆ ಉದ್ಭವಿಸಿತು. ಕರ್ನಾಟಕದ ಎರಡು ಕುಟುಂಬಗಳ ಪ್ರಕರಣಗಳಲ್ಲಿ ಸರ್ವೋಚ್ಚ ನ್ಯಾಯಾಲಯವು 2015 ಮತ್ತು 2018ರಲ್ಲಿ ಪರಸ್ಪರ ಹೊಂದಿಕೆಯಾಗದ ಉತ್ತರಗಳನ್ನು ನೀಡಿತ್ತು. 11-8-2020ರ ವಿನೀತಾ ಶರ್ಮ ವಿರುದ್ಧ ರಾಕೇಶ್ ಶರ್ಮ ತೀರ್ಪಿನಲ್ಲಿ ತ್ರಿಸದಸ್ಯ ಪೀಠವು ಈ ಗೊಂದಲವನ್ನು ಬಗೆಹರಿಸಿತು. ಪುತ್ರಿಯ ಹಕ್ಕು ಜನ್ಮದಿಂದ ಬರುವುದರಿಂದ ತಂದೆ ಅಂದು ಜೀವಂತವಾಗಿರಬೇಕಾದ ಅಗತ್ಯವಿಲ್ಲ. ಆದರೆ 20-12-2004ಕ್ಕೆ ಮೊದಲು ನೋಂದಾಯಿತ ಪಾಲುಪಟ್ಟಿ ಅಥವಾ ನ್ಯಾಯಾಲಯದ ಡಿಕ್ರಿಯ ಮೂಲಕ ವಿಭಾಗವಾಗಿದ್ದಲ್ಲಿ ಅದಕ್ಕೆ ಬಾಧೆಯಿಲ್ಲ. ಬಾಯಿಮಾತಿನ ವಿಭಾಗವನ್ನು ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪವಾದಾತ್ಮಕ ಸಂದರ್ಭಗಳಲ್ಲಿ ಮಾತ್ರ ಒಪ್ಪಬಹುದು.

ಈ ತೀರ್ಪು ಮಿತಾಕ್ಷರ ಪದ್ಧತಿಯ ಕುಟುಂಬಗಳಿಗೆ ಸಂಬಂಧಿಸಿದ್ದು. ತುಳುನಾಡಿನ ಅನೇಕ ಮನೆತನಗಳು ಅಳಿಯಸಂತಾನ ಪದ್ಧತಿಗೆ ಒಳಪಟ್ಟಿದ್ದುವೆಂಬುದನ್ನು ಅರ್ಜಿದಾರರು ಮರೆಯಬಾರದು. ಅಂತಹವರಿಗೆ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಕಲಂ 7(2) ಅನ್ವಯಿಸುತ್ತದೆ. ಅದರಂತೆ, ಅಧಿನಿಯಮ ಜಾರಿಯಾದ ನಂತರ ಮೃತರಾದ ಸದಸ್ಯರ ಅವಿಭಕ್ತ ಹಿತಾಸಕ್ತಿಯು ಕುಟುಂಬ ಅಥವಾ ಕವರಿಗೆ ಹಿಂದಿರುಗದೆ, ಉಯಿಲಿನಂತೆ ಅಥವಾ ಉಯಿಲಿಲ್ಲದಿದ್ದಲ್ಲಿ ಅಧಿನಿಯಮದಂತೆ ಅವರ ವಾರಸುದಾರರಿಗೆ ಸೇರುತ್ತದೆ. ಹಳೆಯ ಪಾಲುಪಟ್ಟಿಯಲ್ಲಿ 'ಕವರು' ಎಂಬ ಪದ ಕಂಡುಬಂದಲ್ಲಿ, ಪೌತಿ ಖಾತೆಗೆ ಅರ್ಜಿ ಸಲ್ಲಿಸುವ ಮೊದಲು ವಕೀಲರ ಸಲಹೆ ಪಡೆಯುವುದು ಸೂಕ್ತ.

ಪಹಣಿ ಮತ್ತು ಒಡೆತನ

ಪಹಣಿಯಲ್ಲಿ ಹೆಸರು ದಾಖಲಾದ ಮಾತ್ರಕ್ಕೆ ಒಡೆತನ ಸಿದ್ಧಿಸುವುದಿಲ್ಲ. ಹೆಸರು ಇಲ್ಲದ ಮಾತ್ರಕ್ಕೆ ನಷ್ಟವಾಗುವುದೂ ಇಲ್ಲ. ಕಂದಾಯ ದಾಖಲೆಯ ನಮೂದು ಕಂದಾಯದ ಉದ್ದೇಶಕ್ಕೆ ಮಾತ್ರ ಎಂಬುದನ್ನು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ಜಿತೇಂದ್ರ ಸಿಂಗ್ ಪ್ರಕರಣದಲ್ಲಿ ಪುನರುಚ್ಚರಿಸಿದೆ. ಉಯಿಲಿನ ಬಗ್ಗೆ ವಿವಾದವಿದ್ದಲ್ಲಿ ಸಿವಿಲ್ ನ್ಯಾಯಾಲಯದಲ್ಲಿ ಹಕ್ಕನ್ನು ಸ್ಥಾಪಿಸಿಕೊಂಡ ಬಳಿಕವೇ ಖಾತೆ ಬದಲಾವಣೆಗೆ ಕೋರಬೇಕಾಗುತ್ತದೆ. ಆದ್ದರಿಂದ ಒಡೆತನದ ತಕರಾರುಗಳಿಗಾಗಿ ಬಿ.ಸಿ. ರೋಡಿನ ತಾಲೂಕು ಕಚೇರಿಗೆ ಪದೇಪದೇ ಅಲೆಯುವುದರಿಂದ ಪ್ರಯೋಜನವಿಲ್ಲ.

ಶುಲ್ಕ ಮತ್ತು ದೇವಾಲಯ

ತೆರಿಗೆಗೂ ಶುಲ್ಕಕ್ಕೂ ಇರುವ ವ್ಯತ್ಯಾಸವನ್ನು ಸ್ಪಷ್ಟಪಡಿಸಿದ ಪ್ರಮುಖ ತೀರ್ಪು ಕರಾವಳಿಯದೇ ಪ್ರಕರಣದಿಂದ ಬಂದುದಾಗಿದೆ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ (1954) ಸರ್ವೋಚ್ಚ ನ್ಯಾಯಾಲಯವು, ಮದ್ರಾಸ್ ಧರ್ಮಾದಾಯ ಅಧಿನಿಯಮದ ವಾರ್ಷಿಕ ವಂತಿಗೆಯು ಸೇವೆಗೆ ಪ್ರತಿಯಾದ ಶುಲ್ಕವಲ್ಲ, ತೆರಿಗೆ ಎಂದು ಹೇಳಿ ಅದನ್ನು ರದ್ದುಪಡಿಸಿತು. ಆದರೆ ಪಾವತಿಸಿದ ಮೊತ್ತಕ್ಕೆ ಸರಿಸಮನಾದ ಸೇವೆಯನ್ನು ಲೆಕ್ಕ ಹಾಕಿ ನೀಡಬೇಕೆಂದೇನೂ ಇಲ್ಲವೆಂದು ನಂತರದ ತೀರ್ಪುಗಳು ತಿಳಿಸಿವೆ. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣದಲ್ಲಿ (1957) ದೇವಸ್ಥಾನವು ಗೌಡ ಸಾರಸ್ವತ ಸಮುದಾಯಕ್ಕೆ ಸೇರಿದ್ದೆಂದು ಒಪ್ಪಿಯೂ, ಎಲ್ಲ ವರ್ಗಗಳ ಹಿಂದೂಗಳಿಗೆ ಪ್ರವೇಶದ ಹಕ್ಕಿದೆಯೆಂದು ತೀರ್ಮಾನಿಸಲಾಯಿತು. ಕೆಲವು ವಿಶೇಷ ವಿಧಿಗಳನ್ನು ಮಾತ್ರ ಆ ಸಮುದಾಯಕ್ಕೆ ಕಾಯ್ದಿರಿಸಲಾಯಿತು.

ಉದ್ಯೋಗ ಮತ್ತು ಆಧಾರ್

ದಿನಗೂಲಿ ಅಥವಾ ಗುತ್ತಿಗೆ ನೌಕರಿಯು ಕಾಯಂ ಹುದ್ದೆಯ ಹಕ್ಕನ್ನು ನೀಡದೆಂಬುದು ಕರ್ನಾಟಕ ಸರ್ಕಾರ ವಿರುದ್ಧ ಉಮಾದೇವಿ (10-4-2006) ತೀರ್ಪಿನ ತಿರುಳು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ 26-9-2018ರಂದು ನೀಡಲಾದ ತೀರ್ಪು, ಸರ್ಕಾರದ ಸಹಾಯಧನ ಮತ್ತು ಸೌಲಭ್ಯಗಳಿಗೆ ಆಧಾರ್ ಕೇಳುವುದನ್ನು ಎತ್ತಿಹಿಡಿಯಿತು. ಶಾಲಾ ಪ್ರವೇಶಕ್ಕೆ ಅದು ಕಡ್ಡಾಯವಲ್ಲ; ಆಧಾರ್ ಇಲ್ಲವೆಂಬ ಕಾರಣಕ್ಕೆ ಮಗುವಿಗೆ ಸೌಲಭ್ಯ ನಿರಾಕರಿಸುವಂತೆಯೂ ಇಲ್ಲ.