ಎಲ್. ವೈದ್ಯನಾಥನ್: ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಸಂಗೀತ ಸಂಯೋಜಕ

ಎಲ್. ವೈದ್ಯನಾಥನ್ (1942–2007) ಪಿಟೀಲು ವಿದ್ವಾಂಸರು; ಚಲನಚಿತ್ರ ಹಾಗೂ ದೂರದರ್ಶನ ಧಾರಾವಾಹಿಗಳ ಸಂಗೀತ ನಿರ್ದೇಶಕರು. ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಅವರು ರಚಿಸಿದ ಶೀರ್ಷಿಕೆ ಸಂಗೀತ ದೇಶದಾದ್ಯಂತ ಮನೆಮಾತಾಯಿತು. ಆದರೆ ಆ ರಾಗವನ್ನು ಗುನುಗುವವರಲ್ಲಿ ಸಂಯೋಜಕರ ಹೆಸರನ್ನು ಬಲ್ಲವರು ವಿರಳ.

ಬಾಲ್ಯ ಮತ್ತು ಶಿಕ್ಷಣ

ತಂದೆ ವಿ. ಲಕ್ಷ್ಮೀನಾರಾಯಣ ಅಯ್ಯರ್ ಪಿಟೀಲು ವಿದ್ವಾಂಸರು. ಶ್ರೀಲಂಕಾದ ಜಾಫ್ನಾದಲ್ಲಿ ಸಂಗೀತ ಬೋಧಿಸುತ್ತಿದ್ದರು. 1958ರಲ್ಲಿ ಅಲ್ಲಿನ ತಮಿಳರ ವಿರುದ್ಧ ಗಲಭೆಗಳು ಸಂಭವಿಸಿದ ಬಳಿಕ ಈ ತಮಿಳು ಕುಟುಂಬವು ಮದರಾಸಿಗೆ ಬಂದು ನೆಲೆಸಿತು. ವೈದ್ಯನಾಥನ್, ಎಲ್. ಸುಬ್ರಮಣ್ಯಂ ಮತ್ತು ಎಲ್. ಶಂಕರ್, ಈ ಮೂವರು ಸಹೋದರರೂ ತಂದೆಯ ಬಳಿಯೇ ಪಿಟೀಲು ಕಲಿತು ಪ್ರಸಿದ್ಧರಾದರು.

ಕನ್ನಡದ ನಂಟು

ಕನ್ನಡದ ಹೆಸರಾಂತ ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶ್ ಅವರಲ್ಲಿ ವೈದ್ಯನಾಥನ್ ಸಹಾಯಕರಾಗಿ ದುಡಿದರು. ಇಳಯರಾಜ ಅವರೂ ಅದೇ ಗರಡಿಯಲ್ಲಿ ಪಳಗಿದವರು. ಕಾಶಿನಾಥ್ ನಿರ್ದೇಶನದ ‘ಅಪರಿಚಿತ’ (1978) ಚಿತ್ರಕ್ಕೆ ವೈದ್ಯನಾಥನ್ ಸಂಗೀತ ನೀಡಿದರು. 1987ರಲ್ಲಿ ತೆರೆಕಂಡ ‘ಒಂದು ಮುತ್ತಿನ ಕಥೆ’ಗೂ ಅವರದೇ ಸಂಗೀತ. ಶಂಕರ್‌ನಾಗ್ ನಿರ್ದೇಶಿಸಿದ ಆ ಚಿತ್ರದ ನಾಯಕ ನಮ್ಮ ತಾಳವಾಡಿ ಸೀಮೆಯ ಗಾಜನೂರಿನ ಡಾ. ರಾಜ್‌ಕುಮಾರ್. ಅದೇ ವರ್ಷ ಬಂದ, ಮಾತುಗಳೇ ಇಲ್ಲದ ‘ಪುಷ್ಪಕ ವಿಮಾನ’ದಲ್ಲಿ ಹಿನ್ನೆಲೆ ಸಂಗೀತದ ಹೊಣೆ ಅವರದಾಗಿತ್ತು. ತಮಿಳಿನಲ್ಲಿ ‘ಏಳಾವದು ಮನಿದನ್’ ಚಿತ್ರಕ್ಕಾಗಿ ಮಹಾಕವಿ ಭಾರತಿಯವರ ಗೀತೆಗಳಿಗೆ ರಾಗ ಸಂಯೋಜಿಸಿದರು.

ಮಾಲ್ಗುಡಿಯ ಸಂಗೀತ

ಆರ್. ಕೆ. ನಾರಾಯಣ್ ಮದರಾಸಿನಲ್ಲಿ ಜನಿಸಿ, ಮೈಸೂರಿನಲ್ಲಿ ಬಾಳಿ, ಇಂಗ್ಲಿಷಿನಲ್ಲಿ ಬರೆದವರು. ಅವರ ಕಥೆಗಳನ್ನು ಕನ್ನಡಿಗ ಶಂಕರ್‌ನಾಗ್ 1980ರ ದಶಕದ ಉತ್ತರಾರ್ಧದಲ್ಲಿ ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ಚಿತ್ರೀಕರಿಸಿದರು. ದೂರದರ್ಶನದಲ್ಲಿ ಅವು ಹಿಂದಿಯಲ್ಲಿ ಪ್ರಸಾರವಾದವು. ಇಷ್ಟು ಭಾಷೆಗಳನ್ನು ಹಾದುಬಂದ ಕೃತಿಯ ಶೀರ್ಷಿಕೆಗೆ ವೈದ್ಯನಾಥನ್ ಯಾವ ಭಾಷೆಯ ಸಾಹಿತ್ಯವನ್ನೂ ಬಳಸಲಿಲ್ಲ. ಅರ್ಥದ ಹಂಗಿಲ್ಲದ ಅಕ್ಷರಗಳನ್ನು ಮನುಷ್ಯ ಕಂಠದಿಂದ ಹಾಡಿಸಿದರು. ಆದ್ದರಿಂದ ಅದು ಯಾವ ಭಾಷೆಯ ಮಗುವಿಗೂ ಪರಕೀಯವೆನಿಸಲಿಲ್ಲ.

ಮಹತ್ವ

ವೈದ್ಯನಾಥನ್ 2007ರ ಮೇ 19ರಂದು ಚೆನ್ನೈಯಲ್ಲಿ ನಿಧನರಾದರು.

ಗುಮಟಾಪುರದಂತಹ ಗ್ರಾಮಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಲೇ ತಮಿಳನ್ನೂ ಕಲಿಯುವ ಮಕ್ಕಳಿಗೆ ಮುಂದೆ ಅವಕಾಶಗಳು ಕುಗ್ಗುವವೇ ಎಂಬ ಆತಂಕ ಪೋಷಕರನ್ನು ಕಾಡುವುದುಂಟು. ತಮಿಳು ಮನೆಯಲ್ಲಿ ಬೆಳೆದ ವೈದ್ಯನಾಥನ್ ಕನ್ನಡದಲ್ಲಿ ಸ್ಮರಣೀಯ ಕೆಲಸ ಮಾಡಿದರು. ಅದಕ್ಕಾಗಿ ತಮಿಳನ್ನು ತೊರೆಯಲಿಲ್ಲ. ತಾಯ್ನುಡಿಯನ್ನು ಬಿಡದೆಯೇ ನೆರೆಯ ನುಡಿಯಲ್ಲಿ ಬಾಳು ಕಟ್ಟಿಕೊಳ್ಳಬಹುದು ಎಂಬುದಕ್ಕೆ ಅವರ ಬದುಕು ಒಂದು ನಿದರ್ಶನ.